ಮಿಲ್ಟ್ರಿ ಮಾವ ಬಿಟ್ಟ ದಾರಿ

ಇವತ್ತು ಬೆಳಿಗ್ಗೆ ಒಲೆಯ ಕೆಂಡಕ್ಕೆ ಒಂದು ಒಣಮೆಣಸಿನಕಾಯಿ ಬಿತ್ತು. ಆ ಘಾಟು ಮೂಗಿಗೆ ಹತ್ತಿದ್ದೇ ತಡ, ನಾನು ಅಡುಗೆಮನೆಯಲ್ಲಿರಲಿಲ್ಲ. ಹನಗೋಡಿನ ನಮ್ಮ ರಾಗಿ ಹೊಲದ ಮಂಜಿನಲ್ಲಿ ನಿಂತಿದ್ದೆ. ಪಕ್ಕದಲ್ಲಿ ಮಿಲ್ಟ್ರಿ ಮಾವ...

ನಮ್ಮ ಪಕ್ಕದ ಮನೆಯವರು. ಸೈನ್ಯದಲ್ಲಿ ಸುಬೇದಾರರಾಗಿದ್ದು ರಿಟೈರಾಗಿ ಬಂದವರು. ಮಾತೆತ್ತಿದರೆ ಪ್ಲಾನು! ಕಾಡಿನಿಂದ ಆನೆ ಇಳಿಯುವ ಕಾಲಕ್ಕೆ ಕಣದ ಮಣ್ಣಿನಲ್ಲಿ ಕಡ್ಡಿಯಿಂದ ನಕ್ಷೆ ಬರೆದು, ಇಲ್ಲಿ ಮೆಣಸಿನಕಾಯಿ ಹೊಗೆ, ಅಲ್ಲಿ ಪಟಾಕಿ ಎಂದು ಊರವರಿಗೆಲ್ಲ ಪಾಠ ಹೇಳುತ್ತಿದ್ದರು. ಕೊನೆಗೆ ತಾವೇ ಅದನ್ನು ಕಾಲಿನಿಂದ ಅಳಿಸಿಬಿಡುತ್ತಿದ್ದರು.

"ಪ್ಲಾನು ಇರ್ಬೇಕು ಕಣವ್ವ, ಆದ್ರೆ ಆ ಪ್ಲಾನಿಗೇ ತಾಳಿ ಕಟ್ಬಾರ್ದು."

ನನಗೋ ರೇಗುತ್ತಿತ್ತು. ಈ ಸಂಪತ್ತಿಗೆ ಬರೆಯೋದಾದರೂ ಯಾಕೆ?

ಒಂದು ಮುಂಜಾನೆ ಆನೆ ಬಂದೇ ಬಂತು. ಕಾವಲಿನ ಅಟ್ಟಣೆಯ ಮೇಲೆ ಅವ್ವ ಒಬ್ಬಳೇ ಇದ್ದಳು. ಅದರ ಬುಡದಲ್ಲೇ ಆನೆ ರಾಗಿ ಮೇಯುತ್ತಿತ್ತು. ಮಾವ ಹೇಳಿಕೊಟ್ಟಂತೆ ಮೆಣಸಿನಕಾಯಿ ಹೊಗೆ ಹಾಕಿದೆವು. ಅಷ್ಟರಲ್ಲಿ ಗಾಳಿ ತಿರುಗಬೇಕೆ! ಹೊಗೆಯೆಲ್ಲ ಕಾಡಿನ ಕಡೆಗೇ ಹೋಗಿ, ಆನೆ ವಾಪಸು ಹೋಗುವ ದಾರಿಯನ್ನೇ ಮುಚ್ಚಿತು. ಅದು ಘೀಳಿಟ್ಟು ಅಟ್ಟಣೆಯ ಕಂಬಕ್ಕೆ ಮೈ ಕೊಟ್ಟಿತು. ಮೇಲೆ ಅವ್ವ ಅಟ್ಟಣೆಯನ್ನು ಅವುಚಿ ಹಿಡಿದಳು. ಊರವರು ಪ್ಲಾನಿನಂತೆ ಪಟಾಕಿ ಹಚ್ಚಲು ಹೊರಟರು.

"ಹಚ್ಬ್ಯಾಡ್ರಲಾ!" ಮಾವ ಕೂಗಿದರು. "ಆನೆಗೇನ್ ನಮ್ ಪ್ಲಾನು ಗೊತ್ತಾ? ಓಗಾಕೆ ದಾರಿ ಬುಡ್ರಲಾ!"

ಓಡಿಹೋಗಿ ಪಕ್ಕದಲ್ಲೇ ಇದ್ದ ತಮ್ಮ ಹೊಲದ ಬೇಲಿಯನ್ನೇ ಕಿತ್ತೆಸೆದರು. ಕುಯ್ಲಿಗೆ ಬಂದಿದ್ದ ಅವರ ಮುಸುಕಿನ ಜೋಳವನ್ನು ತುಳಿಯುತ್ತಾ ಆನೆ ಹೊಳೆಯ ಕಡೆಗೆ ನಡೆಯಿತು... ಮೆಲ್ಲಗೆ, ನಿದ್ದೆಯಲ್ಲಿ ನಡೆದಂತೆ. ಆಮೇಲೆ ಬರೀ ಮಂಜು. ಕೆಳಗಿಳಿದ ಅವ್ವ ಮಾವನ ಕಾಲು ಹಿಡಿದು ಅತ್ತಳು.

"ಎದ್ದೇಳವ್ವ. ಜೋಳ ಮತ್ತೆ ಬೆಳೀತದೆ ಬುಡು," ಎಂದರು.

ಹೋದ ವರ್ಷ ಮಾವ ಹಾಸಿಗೆ ಹಿಡಿದರು. ಡಾಕ್ಟರು ಕೈ ಚೆಲ್ಲಿದರೂ ನಾನು ಕೇಳಲಿಲ್ಲ. ಮೈಸೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಲೇಬೇಕೆಂದು ಕಾರು ತರಿಸಿ, ಅವರ ಮಂಚದ ಪಕ್ಕ ಹಟ ಹಿಡಿದು ನಿಂತೆ. ಅವರು ನನ್ನ ಕೈ ಹಿಡಿದು ಸಣ್ಣಗೆ ನಕ್ಕರು.

"ಸಾಕು ಕಣವ್ವ... ದಾರಿ ಬುಡು."

ಕಾರನ್ನು ವಾಪಸು ಕಳಿಸಿದೆ. ಅವರೂ ಹೊರಟುಹೋದರು.

ಈಗ ಘಾಟು ಹೋಗಲೆಂದು ಕಿಟಕಿ ತೆಗೆದಿದ್ದೇನೆ. ಎದುರಿಗೆ ಅವರ ಹೊಲ. ಕಿತ್ತ ಬೇಲಿಯ ಆ ಜಾಗ ಇನ್ನೂ ತೆರೆದೇ ಇದೆ. ಕಟ್ಟಲು ಬಂದವರನ್ನೆಲ್ಲ ನಾನೇ ಬೈದು ಕಳಿಸಿದ್ದೇನೆ.

ದಾರಿಯೇನೋ ಬಿಟ್ಟೆ ಮಾವ. ನೀವಿಲ್ಲದೆ ಇರೋದು ಮಾತ್ರ ನನ್ನ ಕೈಲಿ ಇನ್ನೂ ಆಗ್ತಿಲ್ಲ.