ಅಪ್ಪನ ಕಾರಿಗೆ ದೊಡ್ಡ ಸ್ಪೀಕರ್

ಎಂಬತ್ತರ ದಶಕದ ನಡುವಿನ ಮಾತು. ಅಪ್ಪನದು ಹಳೆಯ ಅಂಬಾಸಡರ್, ಬಾಡಿಗೆ ಕಾರು. ಬೆಳಿಗ್ಗೆ ಏಳೂವರೆಗೆ ಕಾರ್ಕಳದ ಮನೆಯಿಂದ ಹೊರಟು, ನನ್ನನ್ನು ಮಣಿಪಾಲದ ಕಾಲೇಜಿನೆದುರು ಇಳಿಸಿ ಅವರು ಉಡುಪಿಯ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗುತ್ತಿದ್ದರು. ರಸ್ತೆ ಆಗ ಒಂದೂವರೆ ಬಸ್ಸಿನ ಅಗಲ. ತಿರುವುಗಳಲ್ಲಿ ಎದುರಿನಿಂದ ಬರುವವರು ಕಾಣುವುದಿಲ್ಲ. ಹಾರ್ನ್ ಕೇಳಿದ ಕೂಡಲೇ ಬದಿಯ ಮಣ್ಣಿಗೆ ಇಳಿಯಬೇಕು. ಎಕ್ಸ್‌ಪ್ರೆಸ್ ಬಸ್ಸಿನವರಂತೂ ಇಳಿಯುವವರಲ್ಲ.

ನನಗೆ ಎಲ್ಲವನ್ನೂ ಬರೆದಿಡುವ ಅಭ್ಯಾಸ. ಹೊರಟ ಹೊತ್ತು, ತಲುಪಿದ ಹೊತ್ತು, ಎದುರಾದ ಬಸ್ಸುಗಳ ಲೆಕ್ಕ. ಆ ವರ್ಷದ ಡೈರಿಯಲ್ಲಿ ಇನ್ನೊಂದು ಲೆಕ್ಕವೂ ಇದೆ. ಕಾರಿನ ಟೇಪಿನ ಸ್ವರ ಏರಿಸುವ ಗುಂಡಿಯ ಮೇಲೆ ಒಂದು ಬಿಳಿ ಗೆರೆಯಿತ್ತು. ಜೂನ್‌ನಲ್ಲಿ ಆ ಗೆರೆ ಗಡಿಯಾರದ ಒಂಬತ್ತು ಗಂಟೆಯ ಕಡೆಗೆ ಇರುತ್ತಿತ್ತು. ಆಗಸ್ಟಿನಲ್ಲಿ ಹನ್ನೆರಡು. ಚೌತಿ ಕಳೆಯುವಾಗ ಎರಡು.

ಚೌತಿಯ ನಂತರದ ಮಂಗಳವಾರ, ಬೈಲೂರಿನ ಹತ್ತಿರ ಒಂದು ಬಸ್ಸು ಮೂರು ಸಲ ಹಾರ್ನ್ ಹಾಕಿತು. ಅಪ್ಪ ಸರಿಯಲಿಲ್ಲ. ಬಸ್ಸಿನ ಮುಖ ಕಂಡ ಮೇಲೆ ಸರಿದರು. ಅಂದು ಕಾಲೇಜಿನಲ್ಲಿ ಡೈರಿಯ ಪುಟಕ್ಕೆ ಉದ್ದಕ್ಕೆ ಒಂದು ಗೆರೆ ಎಳೆದೆ. ಎಡಗಡೆ, ಹಾರ್ನಿಗೆ ಸರಿದದ್ದು. ಬಲಗಡೆ, ಬಸ್ಸು ಕಂಡ ಮೇಲೆ ಸರಿದದ್ದು. ಮೂರನೆಯ ವಾರಕ್ಕೆ ಬಲಗಡೆಯ ಗೀಟುಗಳೇ ಹೆಚ್ಚಾದವು. ಆ ಪುಟವನ್ನು ಮನೆಯಲ್ಲಿ ತೆರೆಯುವ ಧೈರ್ಯವಾಗಲಿಲ್ಲ.

"ಸೆಟ್ಟಿನ ಸ್ವರವೇ ಹೋಗಿದೆ ಮಾರಾಯ್ತಿ," ಎಂದರು ಅಪ್ಪ. "ದೊಡ್ಡ ಸ್ಪೀಕರ್ ಹಾಕಿಸ್ಬೇಕು."

ಶನಿವಾರ ಉಡುಪಿಯ ಬಸ್ ಸ್ಟ್ಯಾಂಡಿನ ಹತ್ತಿರದ ಓಣಿಯಲ್ಲಿ ರೇಡಿಯೋ ರಿಪೇರಿಯವರ ಅಂಗಡಿಗೆ ಹೋದೆವು. ಅಪ್ಪ ಎದುರಿನ ಹೋಟೆಲಿಗೆ ಚಾ ಕುಡಿಯಲು ದಾಟಿದರು. ರಿಪೇರಿಯವರು ಟೇಪನ್ನೂ ಹಳೆಯ ಸ್ಪೀಕರ್‌ಗಳನ್ನೂ ಬಿಚ್ಚಿ ಮೇಜಿನ ಮೇಲಿಟ್ಟು, ಬ್ಯಾಟರಿಗೆ ತಂತಿ ಸಿಕ್ಕಿಸಿ, ಗೆರೆಯನ್ನು ಹನ್ನೊಂದಕ್ಕೆ ತಂದರು. ಕಪಾಟಿನ ಗಾಜು ನಡುಗಿತು. ಅವರು ಟೇಪು ನಿಲ್ಲಿಸಿದರು.

"ಇದಕ್ಕೆ ಎಂತ ಆಗಿದೆ ಅಂತ ತಂದದ್ದು?"

"ಸ್ವರ ಸಣ್ಣ ಆಗಿದೆಯಂತೆ."

"ಯಾರಿಗೆ?"

ನಾನು ಹೋಟೆಲಿನ ಕಡೆ ನೋಡಿದೆ. ಅಪ್ಪ ಗ್ಲಾಸು ಹಿಡಿದು ನಿಂತಿದ್ದರು. ಪಕ್ಕದವರು ಏನೋ ಕೇಳುತ್ತಿದ್ದರು. ಅಪ್ಪ ಸುಮ್ಮನೆ ನಗುತ್ತಿದ್ದರು.

"ಸ್ಪೀಕರ್ ಮಾರಿದರೆ ನನಗೆ ಒಳ್ಳೆಯದೇ ತಂಗಿ. ಆದ್ರೆ ಸೆಟ್ಟು ಸರಿ ಉಂಟು. ಅಪ್ಪನಿಗೆ ಹೇಳು."

ಹೇಳಿದರೆ ಅಪ್ಪ ಸ್ಟೀರಿಂಗ್ ಬಿಡಬೇಕು. ಅವರಿಗೆ ಬೇರೆ ಕೆಲಸ ಗೊತ್ತಿಲ್ಲ. ಹೇಳದಿದ್ದರೆ ಎಂತ ಆಗಬಹುದೆಂದು ನನ್ನ ಡೈರಿಗೇ ಗೊತ್ತಿತ್ತು. ಆದರೂ ನನ್ನ ಬಾಯಿಯಿಂದ ಬಂದದ್ದು, "ಅಪ್ಪ ಹೇಳಿದ ಹಾಗೆಯೇ ಹಾಕಿ."

ಅವರು ಹಿಂದಿನ ಸೀಟಿನ ಮೇಲಿನ ಹಲಗೆಯಲ್ಲಿ ಎರಡು ದುಂಡನೆಯ ತೂತು ಕೊರೆದು, ಊಟದ ತಟ್ಟೆಯಷ್ಟು ಅಗಲದ ಸ್ಪೀಕರ್ ಕೂರಿಸಿದರು. ಆಂಪ್ಲಿಫಯರ್ ಸೀಟಿನಡಿಗೆ ಹೋಯಿತು. ಅಪ್ಪ ಬಂದವರೇ ಸ್ಪೀಕರಿನ ಮೇಲೆ ಅಂಗೈ ಇಟ್ಟರು. ಯಕ್ಷಗಾನದ ಕ್ಯಾಸೆಟ್ಟು ಹಾಕಿದ್ದೇ, ಚೆಂಡೆಯ ಒಂದೊಂದು ಪೆಟ್ಟಿಗೂ ಕೈ ಅದುರಿತು. "ಈಗ ಬಂತು ನೋಡು ಸ್ವರ!"

ಸ್ಟ್ಯಾಂಡಿನಲ್ಲಿ ಅವರ ಜೊತೆಯ ಡ್ರೈವರುಗಳಿಗೆ ತಮಾಷೆ. "ಇನ್ನು ನೀವು ಪರ್ಕಳ ಬಿಟ್ಟದ್ದು ನಮಗೆ ಇಲ್ಲಿಗೇ ಗೊತ್ತಾಗ್ತದೆ. ಯಾವುದಾದ್ರೂ ಮೇಳಕ್ಕೆ ಸೇರಿಕೊಳ್ಳಿ ಮಾರಾಯ್ರೆ!"

ಮುಂದಿನ ಶನಿವಾರ ಮಧ್ಯಾಹ್ನ ಮಣಿಪಾಲದ ಆಸ್ಪತ್ರೆಯಿಂದ ಕಾಪುವಿಗೆ ಒಂದು ಬಾಡಿಗೆ ಸಿಕ್ಕಿತು. ಆಪರೇಷನ್ ಆದ ಅಜ್ಜಿ ಮತ್ತು ಅವರ ಸೊಸೆ. ಅವರನ್ನು ಬಿಟ್ಟು ಹಾಗೆಯೇ ಮನೆಗೆ ಹೋಗುವುದೆಂದು ನಾನೂ ಮುಂದಿನ ಸೀಟಿನಲ್ಲಿ ಕೂತೆ.

"ಮಗ, ಅದನ್ನು ಸ್ವಲ್ಪ ಸಣ್ಣ ಮಾಡು. ಹೊಟ್ಟೆಯ ಹೊಲಿಗೆ ಅಲುಗಾಡ್ತದೆ," ಎಂದರು ಅಜ್ಜಿ. ಅಪ್ಪ ತಿರುಗಲಿಲ್ಲ. ನಾನು ಗುಂಡಿ ತಿರುಗಿಸಿ ಸ್ವರ ತಗ್ಗಿಸಿದೆ. ಅಪ್ಪ ನನ್ನನ್ನೊಮ್ಮೆ ನೋಡಿ ಮತ್ತೆ ಏರಿಸಿದರು.

"ಇವನಿಗೆ ಕಿವಿ ಉಂಟೋ ಇಲ್ವೋ?"

ಸೊಸೆ ನಕ್ಕಳು. ನಾನು ಕಾಪು ಬರುವ ತನಕ ಹಿಂದೆ ತಿರುಗಲಿಲ್ಲ.

ಅವರನ್ನು ಇಳಿಸಿ, ಪಡುಬಿದ್ರಿಯಲ್ಲಿ ಕಾರ್ಕಳದ ರಸ್ತೆಗೆ ತಿರುಗಿದೆವು. ನಂದಿಕೂರು ದಾಟಿದ ಮೇಲಿನ ಒಂದು ತಿರುವಿನಾಚೆ ಹಾರ್ನ್ ಕೇಳಿತು. ಚೆಂಡೆಯ ಅಬ್ಬರದ ನಡುವೆಯೂ ನನಗೆ ಕೇಳಿತು. ಅಪ್ಪ ರಸ್ತೆಯ ಮಧ್ಯದಲ್ಲಿದ್ದರು. ಎರಡನೆಯ ಹಾರ್ನ್. ಮೂರನೆಯದು. "ಅಪ್ಪಾ, ಬಸ್ಸು!" ಎಂದು ಕೂಗಿದೆ. ಅವರು ತಲೆದೂಗುತ್ತಲೇ ಇದ್ದರು. ನಾಲ್ಕನೆಯದಕ್ಕೆ ನಾನು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಎಡಕ್ಕೆ ಎಳೆದೆ. ಕಾರು ಮಣ್ಣಿಗೆ ಬಿತ್ತು. ಬಸ್ಸು ಬಲಗಡೆಯ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು.

ಅಪ್ಪ ಟೇಪು ನಿಲ್ಲಿಸಿದರು.

"ಎಷ್ಟು ಸಲ ಹಾರ್ನ್ ಹಾಕಿದ?" ನನ್ನ ಬಾಯಿಯನ್ನೇ ನೋಡುತ್ತ ಕೇಳಿದರು.

"ನಾಲ್ಕು."

"ನಿನಗೆ ಯಾವಾಗಿಂದ ಗೊತ್ತು?"

ಚೀಲದಿಂದ ಡೈರಿ ತೆಗೆದು ಕೊಟ್ಟೆ. ಅವರು ಬಲಗಡೆಯ ಗೀಟುಗಳ ಮೇಲೆ ಬೆರಳು ಇಟ್ಟು ಪುಟದ ಕೆಳಗಿನವರೆಗೆ ಜಾರಿಸಿದರು.

"ನನಗೆ ಇದಕ್ಕಿಂತ ಮೊದಲೇ ಗೊತ್ತಿತ್ತು ಮಗಾ."

"ಮತ್ತೆ ಸ್ಪೀಕರ್ ಎಂತಕ್ಕೆ?"

"ಹಿಂದೆ ಕೂತವರು ಮಾತಾಡಿಸ್ತಾರಲ್ಲ. ಜೋರು ಹಾಕಿದ್ರೆ, ಟೇಪಿನಿಂದಾಗಿ ಕೇಳಲಿಲ್ಲ ಅಂತ ತಿಳ್ಕೊಳ್ತಾರೆ."

ಅಷ್ಟು ದಿನ ಹೆದರುತ್ತಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಅಲ್ಲಿಂದ ಕಾರ್ಕಳದ ತನಕ ಟೇಪು ಹಾಕಲಿಲ್ಲ. ಹಾರ್ನ್ ಕೇಳಿದಾಗಲೆಲ್ಲ ಅವರ ಮೊಣಕೈ ಮುಟ್ಟಿದೆ. ಒಂಬತ್ತು ಸಲ. ಪ್ರತಿ ಸಲವೂ ಅವರು ಮಣ್ಣಿಗೆ ಇಳಿದು, ಬಸ್ಸು ಹೋಗುವ ತನಕ ನಿಂತರು.

ಸೋಮವಾರ ಕಾರು ತೆಗೆಯಲಿಲ್ಲ. ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ, ಕಾಲೇಜಿನ ಬದಲು ಆಸ್ಪತ್ರೆಯ ಕಿವಿ ಡಾಕ್ಟರ ಕೋಣೆಯ ಹೊರಗೆ ಬೆಂಚಿನಲ್ಲಿ ಕೂತೆವು. ನಮ್ಮ ಮುಂದೆ ಹನ್ನೊಂದು ಜನ. ಅಪ್ಪ ಕಾರಿನ ಕೀಲಿಕೈಯನ್ನು ಯಾಕೋ ಜೊತೆಗೇ ತಂದಿದ್ದರು. ಅದನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲನ್ನೇ ನೋಡುತ್ತಿದ್ದರು.

ಹನ್ನೊಂದನೆಯವರು ಹೊರಗೆ ಬಂದರು. ಒಳಗಿನಿಂದ ನರ್ಸ್ ಅಪ್ಪನ ಹೆಸರು ಕರೆದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕರೆದರು. ನಾನು ಅವರ ಮೊಣಕೈ ಮುಟ್ಟಿದೆ.