ಓರೆಯಾಗಿ ಕೂತ ಸ್ಪ್ರಿಂಗು

ಅಮೆರಿಕದ ಟೊಲೀಡೊ ಊರಿನ ವಾಷಿಂಗ್ ಮೆಷೀನ್ ಕಾರ್ಖಾನೆಯಲ್ಲಿ ನಾಲ್ಕು ಸಾವಿರ ಜನ ದುಡಿಯುತ್ತಿದ್ದರು. ಹೊಸತನ್ನು ಹುಡುಕುವ ವಿಭಾಗಕ್ಕೆ ಇದ್ದವರು ಇಬ್ಬರೇ: ಎಂಜಿನಿಯರ್ ಓರಿನ್ ಥೇಯರ್, ವೈರಿಂಗ್ ಮಾಡುವ ವಿಲ್ಮಾ ಕೊವಾಚ್. ಬಣ್ಣದ ಹಳೆಯ ಗೋದಾಮೇ ಅವರ ಪ್ರಯೋಗಾಲಯ. ಅಲ್ಲಿಗೆ ಬರುತ್ತಿದ್ದ ದುಡ್ಡು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ವಿಲ್ಮಾ ಹಂಗೇರಿಯವರ ಕೇರಿಯವಳು. ಹರಿದ ಅಂಗಿಯ ಗುಂಡಿಯನ್ನೂ ಎಸೆಯದ ಜನ. ಇದ್ದದ್ದರಲ್ಲೇ ಮಾಡಿ ಮುಗಿಸುವುದೇ ಅವರ ಹೆಮ್ಮೆ. ಬಟ್ಟೆಯ ತೂಕ ನೋಡಿ ತಾನೇ ನೀರು ತುಂಬಿಕೊಳ್ಳುವ ಯಂತ್ರವನ್ನು ಅವರಿಬ್ಬರೂ ಎರಡು ವರ್ಷ ಹೀಗೆಯೇ ಕಟ್ಟಿದ್ದರು. ಸಿಕ್ಕ ಸ್ಪ್ರಿಂಗು ಇದ್ದ ಜಾಗಕ್ಕಿಂತ ಒಂದಿಂಚು ಉದ್ದವಾಗಿತ್ತು. ವಿಲ್ಮಾ ಅದನ್ನು ಓರೆಯಾಗಿ ಕೂರಿಸಿದ್ದಳು.

೧೯೭೧ರ ಮಾರ್ಚಿನ ಆ ಶುಕ್ರವಾರ ಉಪಾಧ್ಯಕ್ಷ ಪ್ರೆಂಟಿಸ್ ನೋಡಲು ಬರುವವರಿದ್ದರು. ಅವರು ದುಡ್ಡಿಗೆ ಸಹಿ ಹಾಕದಿದ್ದರೆ ಸೋಮವಾರದಿಂದ ಓರಿನ್ ಬಣ್ಣ ಬಳಿಯುವ ವಿಭಾಗಕ್ಕೆ ಹೋಗಬೇಕಿತ್ತು.

"ಸಾಮಾನು ಎಲ್ಲಿಂದ ಬಂತು ಅಂತ ಕೇಳಿದ್ರೆ ನೀನು ತುಟಿ ಬಿಚ್ಬೇಡ," ಎಂದ ಓರಿನ್. "ನಾನು ಹೇಳ್ಕೋತೀನಿ."

"ಆಯ್ತಪ್ಪಾ, ನಾನು ಮೂಕಿ."

ಪ್ರೆಂಟಿಸ್ ಯಂತ್ರದೊಳಗೆ ಒಂದೇ ಒಂದು ಟವೆಲ್ ಎಸೆದು ಕೈಕಟ್ಟಿ ನಿಂತರು. ನೀರು ಏರಿತು. ಟವೆಲ್ ಮುಳುಗಿತು. ನಿಲ್ಲಬೇಕಾದ ಗೆರೆ ದಾಟಿದರೂ ನೀರು ನಿಲ್ಲಲಿಲ್ಲ. ಓರಿನ್ ಕುತ್ತಿಗೆ ಕೆಂಪಾಯಿತು. ಇನ್ನೆರಡು ಬೆರಳು ಏರಿದ ಮೇಲೆ ಒಳಗೆಲ್ಲೋ ಟಕ್ಕೆಂದಿತು. ನೀರು ನಿಂತಿತು.

"ಭೇಷ್," ಎನ್ನುತ್ತ ಪ್ರೆಂಟಿಸ್ ಬಗ್ಗಿ ಯಂತ್ರಕ್ಕೆ ಜೋಡಿಸಿದ್ದ ಪುಟ್ಟ ಗಡಿಯಾರ ನೋಡಿದರು. "ಈ ಗಡಿಯಾರ ಎಲ್ಲಿದು?"

ಓರಿನ್ ಬಾಯಿ ತೆರೆಯುವುದರೊಳಗೆ ವಿಲ್ಮಾಳ ಹೆಮ್ಮೆ ಕಟ್ಟೆಯೊಡೆಯಿತು. "ನಮ್ಮನೇದು ಸಾರ್, ಮೊಟ್ಟೆ ಬೇಯ್ಸೋಕೆ ಇಟ್ಕೊಂಡಿದ್ದು. ಸ್ಪ್ರಿಂಗು ಅಮ್ಮ ತೂಕ ನೋಡ್ಕೊಳ್ಳೋ ಮೆಷೀನಿಂದು. ಕಂಪನೀದು ಒಂದು ಸೆಂಟೂ ಮುಟ್ಟಿಲ್ಲ."

ಪ್ರೆಂಟಿಸ್ ನಕ್ಕರು. "ಪುಕ್ಕಟೆಯಾಗೇ ಇಷ್ಟು ಮಾಡಿದೀರಾ ಅಂದ್ಮೇಲೆ ದುಡ್ಡು ಯಾಕ್ರೀ? ಅದೇ ದುಡ್ಡು ಬಣ್ಣಕ್ಕೆ ಹಾಕಿದ್ರೆ ಆರು ತಿಂಗಳಲ್ಲಿ ಲಾಭ ತೋರಿಸ್ತೀನಿ. ಅಲ್ದೆ ಇದು ಬಂದ್ರೆ ನಮ್ಮ ಈಗಿನ ಮೆಷೀನ್ ಯಾರು ಕೊಳ್ತಾರೆ? ಸದ್ಯಕ್ಕೆ ಇದು ಇಲ್ಲಿಗೆ ಸಾಕು."

ಅಳದ ಕೂಸಿಗೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ, ಕಂಪನಿ ಕೊಟ್ಟೀತೇ? ಸಹಿ ಬೀಳಲಿಲ್ಲ; ಓರಿನ್‌ಗೆ ಬಣ್ಣದ ವಿಭಾಗವೇ ಗತಿಯಾಯಿತು. ಓರಿನ್ ಅವಳನ್ನು ಬಯ್ಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಗಡಿಯಾರ ಬಿಚ್ಚಿ ಅವಳ ಕೈಗಿಟ್ಟು, "ಮನೆಗೆ ತಗೊಂಡ್ಹೋಗು," ಎಂದ. ಜೂನ್ ಹೊತ್ತಿಗೆ ಅವನು ಊರನ್ನೇ ಬಿಟ್ಟ. ವಿಲ್ಮಾ ಒಬ್ಬಳೇ ಗೋದಾಮಿನಲ್ಲಿ ಹಳೆಯ ಮೋಟಾರು ರಿಪೇರಿ ಮಾಡುತ್ತ ಉಳಿದಳು. ತನ್ನ ನಾಲಿಗೆಯನ್ನು ಅವಳು ಕ್ಷಮಿಸಲೇ ಇಲ್ಲ.

ಮೂರು ವರ್ಷದ ಮೇಲೆ ಪ್ರೆಂಟಿಸ್ ಮತ್ತೆ ಗೋದಾಮಿಗೆ ಬಂದರು. ಹಿಂದೆಯೇ ಬೇರೆ ಕಂಪನಿಯ ಹೊಚ್ಚ ಹೊಸ ಯಂತ್ರವನ್ನು ಇಬ್ಬರು ತಳ್ಳಿಕೊಂಡು ಬಂದರು.

"ನಮ್ಮ ಮಾರಾಟಾನೆಲ್ಲ ಇದು ನುಂಗ್ತಿದೆ. ಬಿಚ್ಚಿ ನೋಡಮ್ಮ. ದುಡ್ಡಿನ ಮುಖ ನೋಡ್ಬೇಡ. ಎಷ್ಟು ಜನ ಬೇಕು ಹೇಳು, ಹತ್ತು? ಇಪ್ಪತ್ತು?"

ವಿಲ್ಮಾ ಹಿಂದಿನ ತಗಡು ಬಿಚ್ಚಿದಳು. ಒಳಗೆ ಫಳಫಳ ಹೊಳೆಯುವ, ಅಳತೆ ಕೊಟ್ಟು ಮಾಡಿಸಿದ ಸ್ಪ್ರಿಂಗು. ಅದನ್ನು ನೆಟ್ಟಗೆ ಕೂರಿಸಲು ಬೇಕಾದಷ್ಟು ಜಾಗವಿತ್ತು. ಆದರೂ ಓರೆಯಾಗಿ ಕೂರಿಸಿದ್ದರು.

ಅವಳು ಅದರ ಮೇಲೊಮ್ಮೆ ಬೆರಳಾಡಿಸಿದಳು.

"ಒಬ್ಬ ಸಾಕಾಗಿತ್ತು ಸಾರ್," ಎಂದಳು.