ಕುಜ್ಮಾನ್ ಗಂಟೆ ಹೊಡೆಯದ ಸಂಜೆ

ಮಂಜು ಇಳಿದರೆ ಕುಜ್ಮಾನ್ ಗಂಟೆ ಹೊಡೆಯುತ್ತಾನೆ ಎಂಬುದು ಗಬ್ರೊವೊ ಪಟ್ಟಣದ ಕಡೆಯ ಬೆಟ್ಟ ಹತ್ತುವವರಿಗೆಲ್ಲ ಗೊತ್ತಿದ್ದ ವಿಷಯ. ಅವನ ತಂಗುಮನೆಯ ಅಂಗಳದಲ್ಲಿ, ಎರಡು ಕಂಬಗಳ ನಡುವೆ ಹಳೆಯ ಶಾಲೆಯೊಂದರ ಗಂಟೆ ತೂಗುತ್ತಿತ್ತು. ಚಾಚಿದ ಕೈ ಕಾಣದಂಥ ಮಂಜು ಕವಿದಾಗ ಅವನು ಕುರಿಚರ್ಮದ ಕೋಟು ತೊಟ್ಟು ಹೊರಗೆ ನಿಂತು ನಿಮಿಷಕ್ಕೊಮ್ಮೆ ಹಗ್ಗ ಎಳೆಯುತ್ತಿದ್ದ. ಒಂದು ಚಳಿಗಾಲ ಆರು ಗಂಟೆ ಕಾಲ ಹಾಗೆ ಎಳೆದು, ದಾರಿ ತಪ್ಪಿದ ಹನ್ನೊಂದು ಜನರನ್ನು ಬಾಗಿಲಿಗೆ ಕರೆಸಿಕೊಂಡಿದ್ದ. ಅಂಗೈ ಸುಲಿದುಹೋಗಿತ್ತು. ಹೆಂಡತಿ ರಾಯ್ನಾ ಬೆಣ್ಣೆ ಸವರುತ್ತಾ, "ಆ ಹನ್ನೊಂದು ಜನಕ್ಕೂ ಸಾರು ಬಡಿಸಿದ್ದು ನಾನು. ನನ್ನ ಕೈಗೆ ಯಾರು ಸವರ್ತಾರೆ?" ಎಂದು ನಗಿಸಿದ್ದಳು.

ಮೊದಲು ಅವನು ನೇಯ್ಗೆ ಕಾರ್ಖಾನೆಯಲ್ಲಿ ಮೆಕ್ಯಾನಿಕ್. ಕಾರ್ಖಾನೆ ಮುಚ್ಚಿದಾಗ ಮೂವತ್ತೆಂಟು ವಯಸ್ಸು. ಮಕ್ಕಳಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದು ಕುದುರೆ ಹಿಡಿದುಕೊಂಡು ಬೆಟ್ಟ ಹತ್ತಿ, ಪ್ರವಾಸಿ ಸಂಘದವರಿಂದ ತಂಗುಮನೆಯನ್ನು ಗುತ್ತಿಗೆಗೆ ಹಿಡಿದರು. ಹತ್ತೊಂಬತ್ತು ವರ್ಷ ಅಲ್ಲೇ ಕಳೆಯಿತು. ಮಾತು ಒರಟಾದರೂ ಕುಜ್ಮಾನ್ ಕೆಟ್ಟವನಲ್ಲ ಎಂದೇ ಜನ ಹೇಳುತ್ತಿದ್ದರು. ಆದರೆ ಕೊನೆಕೊನೆಗೆ ಅವನ ಮನಸ್ಸು ಹುಳಿಯಾಗುತ್ತ ಬಂದಿತ್ತು. ಮೊದಲು ಪ್ರವಾಸಕ್ಕೆ ಬರುತ್ತಿದ್ದ ಕಾರ್ಖಾನೆಗಳ ಗುಂಪುಗಳು ನಿಂತುಹೋಗಿ, ಬೆನ್ನಿಗೆ ಚೀಲ ಹೊತ್ತು ಒಬ್ಬೊಬ್ಬರೇ ಅಲೆಯುವವರು ಹೆಚ್ಚಾಗಿದ್ದರು. ಅವರು ಸೂರಿನ ಕೆಳಗೆ ಪುಕ್ಕಟೆ ಮಲಗುವರು, ಅವನ ಒಲೆಗೆ ಕಾಲ್ಚೀಲ ಒಣಹಾಕುವರು, ತಮ್ಮದೇ ರೊಟ್ಟಿ ಮುರಿದು ತಿಂದು ತುಂಡುಗಳನ್ನು ಬೆಂಚಿನ ಮೇಲೆ ಬಿಟ್ಟು ನಡೆಯುವರು. ಆ ಅಕ್ಟೋಬರಿನಲ್ಲಿ ಇಬ್ಬರು ಬೆಳಗಿನ ಜಾವ ಕಿಟಕಿಯಿಂದ ಹಾರಿ ಎರಡು ಕಂಬಳಿಯನ್ನೂ ಒಯ್ದಿದ್ದರು. ಕುಜ್ಮಾನ್ ವಾರವಿಡೀ ಅದನ್ನೇ ಮೆಲುಕು ಹಾಕುತ್ತಿದ್ದ. ರಾಯ್ನಾ ಹಲ್ಲುನೋವಿಗೆಂದು ಊರಿಗೆ ಇಳಿದಿದ್ದಳು. ಇದ್ದಿದ್ದರೆ ಕಥೆಯೇ ಬೇರೆಯಾಗುತ್ತಿತ್ತೋ ಏನೋ.

ಆ ವಾರದ ಒಂದು ದಿನ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು, ಮಳೆಗೆ ತೊಯ್ದು ಹಣೆಗೆ ಅಂಟಿದ ಕೂದಲು, ತನಗಿಂತ ದೊಡ್ಡ ನೀಲಿ ಚೀಲ. ಒಬ್ಬಳೇ. ರುಸೆ ಪಟ್ಟಣದ ಗ್ರಂಥಾಲಯದಲ್ಲಿ ಕೆಲಸ, ಹೆಸರು ತಿನ್ಕಾ ಎಂದು ಕೇಳದೆಯೇ ಹೇಳಿದಳು. ಮೂರು ವಾರದಿಂದ ತಿರುಗುತ್ತಿದ್ದಾಳಂತೆ. ನಿಧಾನದ ರೈಲು, ಮಠಗಳ ಅತಿಥಿಕೋಣೆ, ರೊಟ್ಟಿ, ಗಿಣ್ಣು, ಟೊಮೆಟೊ. ಒಂದು ರಾತ್ರಿ ನಿಲ್ದಾಣದ ಬೆಂಚು. ನೋಡಬೇಕಾದ ಜಾಗಗಳ ಪುಸ್ತಕವೊಂದನ್ನು ಪ್ಲಾಸ್ಟಿಕ್‌ನಿಂದ ಬಿಡಿಸಿ ಮುಂದಿಟ್ಟಳು. ಒಂದೊಂದು ಜಾಗದ ಮೊಹರನ್ನೂ ಅದರಲ್ಲಿ ಒತ್ತಿಸಿಕೊಂಡಿದ್ದಳು.

"ನಿಮ್ಮದೂ ಒಂದು ಒತ್ತಿ ಕೊಡಿ ಕುಜ್ಮಾನಣ್ಣ. ನಿಮ್ಮ ಹೆಸರು ಹಿಂದಿನ ತಂಗುಮನೆಯಲ್ಲಿ ಹೇಳಿದ್ರು."

"ಬೈದುಕೊಂಡು ಹೇಳಿದ್ರಾ, ಹೊಗಳಿಕೊಂಡು ಹೇಳಿದ್ರಾ?"

"ಎರಡೂ," ಎಂದು ನಕ್ಕಳು.

ಅವನೂ ನಗಬಹುದಿತ್ತು. ಮೊಹರು ಒತ್ತಿ, ತಾರೀಖು ಬರೆದು ಕೊಟ್ಟ. ಅವಳು ಒಂದು ಲೋಟ ಸೊಪ್ಪಿನ ಚಹಾ ಕುಡಿದು ಮೆಲ್ಲಗೆ ಕೇಳಿದಳು, "ಹಾಸಿಗೆ ಬೇಡ ಅಣ್ಣ. ಈ ಬೆಂಚಿನ ಮೇಲೆ ಉರುಳ್ಕೊಂಡ್ರೆ ಆಗುತ್ತಾ? ನನ್ನ ಹತ್ರ ಮಲಗೋ ಚೀಲ ಇದೆ. ಬೆಳಗ್ಗೆ ನೆಲ ಬೇಕಾದ್ರೆ ಒರೆಸಿಕೊಡ್ತೀನಿ."

"ಬೆಂಚು ಕೂರೋದಕ್ಕೆ ಇರೋದು ಮೇಡಮ್ಮೋರೆ. ಮಲಗೋದಕ್ಕೆ ಹಾಸಿಗೆ ಇದೆ, ಅದಕ್ಕೊಂದು ರೇಟು ಇದೆ."

"ಇರೋ ದುಡ್ಡು ಊರಿಗೆ ಹೋಗೋ ಬಸ್ಸಿಗೆ ಬೇಕಲ್ಲ, ಅದಕ್ಕೇ..."

"ಎಲ್ಲರೂ ಅದನ್ನೇ ಹೇಳೋದು. ದೇಶ ನೋಡೋಕೆ ಹೊರಡ್ತೀರಿ, ಖರ್ಚು ಮಾತ್ರ ಕುಜ್ಮಾನಂದು. ಕೆಳಗಡೆ ಇನ್ನೊಂದು ತಂಗುಮನೆ ಇದೆ, ಎರಡು ಗಂಟೆ ದಾರಿ. ಅಲ್ಲಿ ಅಗ್ಗ. ಈಗ ಹೊರಟ್ರೆ ಬೆಳಕಿರುವಾಗಲೇ ಸೇರ್ತೀರ."

ಅವಳು ಕಿಟಕಿಯ ಕಡೆ ನೋಡಿದಳು. "ಮಂಜು ಬರ್ತಿದೆಯಲ್ಲ?"

"ಮರಕ್ಕೆ ಬಿಳಿ ಪಟ್ಟೆ ಬಳಿದಿದೀವಿ. ಅದನ್ನೇ ಹಿಡ್ಕೊಂಡು ಹೋಗಿ."

ಅವಳು ಜಗಳ ಮಾಡಲಿಲ್ಲ. ಲೋಟ ತೊಳೆದಿಟ್ಟಳು. ಚೀಲದ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಳ್ಳಲು ಒದ್ದಾಡುತ್ತಿದ್ದಾಗ ಅವನು ಎದ್ದು ಹೋಗಿ ಎತ್ತಿಕೊಟ್ಟ. ಅದರ ಭಾರ ಅವನಿಗೆ ಇಂದಿಗೂ ನೆನಪಿದೆ.

ಅರ್ಧ ಗಂಟೆಯೊಳಗೆ ಮಂಜು ಅಂಗಳ ತುಂಬಿತು. ಕುಜ್ಮಾನ್ ಅಭ್ಯಾಸದಂತೆ ಕೋಟು ತೊಟ್ಟು ಹೊರಗೆ ಬಂದ. ಹಗ್ಗ ಹಿಡಿದ. ಆಗ ಅವನಿಗೊಂದು ಯೋಚನೆ ಬಂತು. ಗಂಟೆ ಹೊಡೆದರೆ ಈಯಮ್ಮ ಸದ್ದು ಹಿಡಿದು ತಿರುಗಿ ಬರುತ್ತಾಳೆ, ಬಂದರೆ ಬೆಂಚಿನ ಮೇಲೆ ಮಲಗಿಸಲೇಬೇಕು, ತಾನು ಸೋತಂತೆ. ಕಂಬಳಿ ಹೊತ್ತೊಯ್ದವರ ಮೇಲಿನ ಸಿಟ್ಟಿಗೆ ಎದುರು ಸಿಕ್ಕಿದ್ದು ಅವಳು. ಹಗ್ಗ ಬಿಟ್ಟು ಒಳಗೆ ಬಂದು ಒಲೆಗೆ ಸೌದೆ ಹಾಕಿದ.

ಮರುದಿನ ಬೆಳಿಗ್ಗೆ ಬೆಟ್ಟದ ರಕ್ಷಣಾ ದಳದ ಮುಖ್ಯಸ್ಥ ಲಾಲ್ಯೊ ಫೋನು ಮಾಡಿದ. ಇಬ್ಬರೂ ಹಳೆಯ ಗೆಳೆಯರು.

"ರುಸೆಯಿಂದ ಒಬ್ಬರು ಫೋನ್ ಮಾಡಿದಾರೆ. ಅವರಕ್ಕ ಒಬ್ಬರೇ ನಡೀತಿದ್ರಂತೆ, ದಿನಾ ರಾತ್ರಿ ತಂಗಿದ ಕಡೆಯಿಂದ ಫೋನ್ ಮಾಡೋರು ನಿನ್ನೆ ಮಾಡಿಲ್ಲ. ನೀಲಿ ಚೀಲ. ನಿನ್ನ ಕಡೆ ಬಂದಿದ್ರೇನೋ?"

"ಇಲ್ಲ," ಅಂದ ಕುಜ್ಮಾನ್.

ಯಾಕೆ ಹಾಗಂದೆ ಎಂದು ಆಮೇಲೆ ಸಾವಿರ ಸಲ ಕೇಳಿಕೊಂಡ. ಬಂದಿದ್ದಳು ಅಂದರೆ ಯಾಕೆ ಕಳಿಸಿದೆ ಅನ್ನುತ್ತಾನೆ, ಗಂಟೆ ಹೊಡೆದೆಯಾ ಅನ್ನುತ್ತಾನೆ. ಅಷ್ಟೇ ಭಯ. ನಾಲಿಗೆ ಅವನಿಗಿಂತ ಮುಂಚೆ ಓಡಿತ್ತು.

ಅವಳು ಕುಜ್ಮಾನನ ತಂಗುಮನೆ ತಲುಪಿಯೇ ಇಲ್ಲವೆಂದಾದ ಮೇಲೆ ಹುಡುಕಾಟ ಅವಳು ದಾಟಿ ಬರಬೇಕಿದ್ದ ಪಶ್ಚಿಮದ ಕಣಿವೆಗೆ ತಿರುಗಿತು. ಎಂಟು ಜನ, ಎರಡು ನಾಯಿ. ಬೆಟ್ಟ ಬಲ್ಲವನೆಂದು ಕುಜ್ಮಾನನನ್ನೂ ಕರೆದರು. ಹೋಗದಿರಲು ಆಗಲಿಲ್ಲ. ಎಲ್ಲರ ಜೊತೆ ಸಾಲಾಗಿ ನಡೆಯುತ್ತಾ, ಎಲ್ಲರಂತೆ ಬಾಯಿಗೆ ಕೈ ಅಡ್ಡ ಹಿಡಿದು, "ತಿನ್ಕಾ! ತಿನ್ಕಾ!" ಎಂದು ಕೂಗಿದ. ಅವಳು ಇಲ್ಲದ ಜಾಗದಲ್ಲಿ ಅವಳ ಹೆಸರು ಕೂಗುತ್ತಿದ್ದೇನೆಂದು ಗೊತ್ತಿದ್ದವನು ಅವನೊಬ್ಬನೇ. ಚೀಲದಲ್ಲಿ ತನ್ನ ಮೊಹರಿರುವ ಪುಸ್ತಕವಿದೆ ಎಂಬುದು ನೆನಪಾದಾಗ, ಆ ಚೀಲ ಸಿಗದೇ ಹೋಗಲಿ ಎಂದು ಒಂದು ಕ್ಷಣ ಮನಸ್ಸು ಬೇಡಿಕೊಂಡಿತು. ಕೂಗುವುದನ್ನು ನಿಲ್ಲಿಸಿ ಅಲ್ಲೇ ಕಲ್ಲಿನ ಮೇಲೆ ಕುಕ್ಕರಿಸಿದ.

ಆಗ ಹೊತ್ತು ನೆತ್ತಿಗೆ ಬಂದಿತ್ತು.

"ಲಾಲ್ಯೊ, ಅವರು ಇಲ್ಲಿಲ್ಲ ಕಣೋ."

"ಹಂಗಂದ್ರೆ?"

"ನಿನ್ನೆ ನನ್ನ ಹತ್ರ ಬಂದಿದ್ರು. ಕೆಳಗಡೆಗೆ ಕಳಿಸಿಬಿಟ್ಟೆ. ಪೂರ್ವದ ದಾರಿ."

ಲಾಲ್ಯೊ ಅವನ ಮುಖವನ್ನೇ ನೋಡಿದ. ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. "ಎಷ್ಟು ಹೊತ್ತಿಗೆ ಹೊರಟ್ರು?" ಎಂದಷ್ಟೇ ಕೇಳಿದ. ಉತ್ತರ ಸಿಕ್ಕಿದ್ದೇ ತಡ ಬೆನ್ನು ತಿರುಗಿಸಿ ವೈರ್‌ಲೆಸ್‌ನಲ್ಲಿ ಕೂಗಲು ಶುರುಮಾಡಿದ.

ಕಣಿವೆಯಿಂದ ಮೇಲೆ ಹತ್ತಿ ಪೂರ್ವದ ದಾರಿಗೆ ಬಂದ ಮೇಲೆ, ನಾಲ್ಕು ಗಂಟೆಗೆ ನಾಯಿಗಳು ಅವಳನ್ನು ಕಂಡುಹಿಡಿದವು. ತಂಗುಮನೆಯಿಂದ ಐನೂರು ಹೆಜ್ಜೆಯೂ ಇಲ್ಲ. ದಾರಿಯ ಕೆಳಗಿನ ಇಳಿಜಾರಿನಲ್ಲಿ ಬೀಚ್ ಜಾತಿಯ ಮರವೊಂದಕ್ಕೆ ಒರಗಿ ಕೂತಿದ್ದಳು. ಮಲಗುವ ಚೀಲವನ್ನು ಸೊಂಟದವರೆಗೆ ಎಳೆದುಕೊಂಡಿದ್ದಳು, ಅದೂ ಒದ್ದೆ. ಒಂದು ಕಾಲು ಮುರಿದಿತ್ತು. ಕೆಸರಿನ ಹೆಜ್ಜೆಗುರುತುಗಳು ಮೇಲಕ್ಕೆ ಮುಖ ಮಾಡಿದ್ದವು. ಅಂದರೆ ಅವಳು ಅರ್ಧ ದಾರಿಯಿಂದ ಹಿಂದಿರುಗಿ ಕುಜ್ಮಾನನ ಮನೆಗೇ ಬರುತ್ತಿದ್ದಳು. ಮಂಜಿನಲ್ಲಿ ಬಿಳಿ ಪಟ್ಟೆ ಕಾಣದೆ ಜಾರಿದ್ದಳು. ಬೆಳಗಿನವರೆಗೆ, ಬಹುಶಃ ಇನ್ನೂ ಸ್ವಲ್ಪ ಹೊತ್ತು, ಜೀವವಿತ್ತೆಂದು ವೈದ್ಯರು ಹೇಳಿದರು.

ಸುಳ್ಳಿನ ಬಗ್ಗೆ ವಿಚಾರಣೆ ನಡೆಯಿತು. ಗಾಬರಿಯಾಗಿತ್ತು ಎಂದು ಬರೆದುಕೊಂಡು ಬಿಟ್ಟರು. ಗಂಟೆಯ ಮಾತನ್ನು ಯಾರೂ ಎತ್ತಲಿಲ್ಲ. ಗಂಟೆ ಹೊಡೆಯಬೇಕೆಂಬ ನಿಯಮ ಎಲ್ಲೂ ಇರಲಿಲ್ಲ. ರಾಯ್ನಾಗೆ ಮಾತ್ರ ಅವನು ಹೇಳಿದ. ಅವಳು ನಾದುತ್ತಿದ್ದ ಹಿಟ್ಟಿಗೆ ಬಟ್ಟೆ ಮುಚ್ಚಿಟ್ಟು, "ಇದು ನಮ್ಮಿಬ್ಬರಲ್ಲೇ ಇರಲಿ," ಅಂದಳು.

ಮೇ ತಿಂಗಳಲ್ಲಿ ತಿನ್ಕಾಳ ತಂಗಿ ಫಾನಿ ಬೆಟ್ಟ ಹತ್ತಿ ಬಂದಳು. ಅಕ್ಕ ಸತ್ತ ಜಾಗ ನೋಡಬೇಕಿತ್ತು. ಕುಜ್ಮಾನನೇ ಕರೆದೊಯ್ದು ತೋರಿಸಿದ. ಅವಳು ಅಳಲಿಲ್ಲ. ಮರದ ತೊಗಟೆಯನ್ನು ಮುಟ್ಟಿ ನೋಡಿ ಹಿಂದಿರುಗಿದಳು. ರಾಯ್ನಾ ಕಾಳಿನ ಸಾರು, ರೊಟ್ಟಿ ಬಡಿಸಿದಳು.

"ಅವಳಿಗೆ ಒಬ್ಬಳೇ ಹೋಗೋಕೆ ಹೆದರಿಕೆ ಇತ್ತು," ಅಂದಳು ಫಾನಿ. "ಮೂವತ್ತು ವರ್ಷ ಬೇರೆಯವರು ಬರೆದ ಊರುಗಳ ಪುಸ್ತಕ ಜೋಡಿಸಿಟ್ಟಿದ್ದೀಯ, ನೀನೂ ಒಂದ್ಸಲ ನೋಡ್ಕೊಂಡು ಬಾರೇ ಅಂತ ನಾನೇ ದಬ್ಬಿದೆ." ಚಮಚ ಕೈಗೆತ್ತಿಕೊಂಡು ಕೇಳಿದಳು, "ಮಂಜಿದ್ದಾಗ ನೀವು ಗಂಟೆ ಹೊಡೀತೀರಂತೆ. ಕೆಳಗಿನ ಊರಲ್ಲಿ ಹೇಳಿದ್ರು. ಅವತ್ತು ಹೊಡೆದ್ರಾ?"

"ಹೊಡೀದೆ ಇರ್ತಾರಾ ತಾಯಿ?" ರಾಯ್ನಾ ಥಟ್ಟನೆ ಅಂದಳು. "ಗಾಳಿ ಬೇರೆ ಕಡೆಗಿತ್ತು, ಕೇಳಿಸಿರಲಿಕ್ಕಿಲ್ಲ."

"ಇಲ್ಲ," ಅಂದ ಕುಜ್ಮಾನ್. "ಹೊಡೀಲಿಲ್ಲ. ಹೊಡೆದ್ರೆ ವಾಪಸ್ ಬಂದುಬಿಡ್ತಾರೆ ಅಂತ ಹೊಡೀಲಿಲ್ಲ."

ಫಾನಿ ಚಮಚ ಕೆಳಗಿಟ್ಟಳು. ಮಾತಾಡಿದಾಗ ದನಿ ಏರಿರಲಿಲ್ಲ.

"ಜಾರಿ ಬಿದ್ದು ಸತ್ತಳು ಅಂದ್ಕೊಂಡಿದ್ದೆ. ಏಳು ತಿಂಗಳಲ್ಲಿ ಅದಕ್ಕೆ ಹೇಗೋ ಒಗ್ಗಿಕೊಂಡಿದ್ದೆ. ಇದನ್ನ ಯಾಕೆ ಹೇಳಿದ್ರಿ ನನಗೆ? ನಿಮ್ಮ ಮನಸ್ಸು ಹಗುರ ಆಗಲಿ ಅಂತ ತಾನೆ?"

ಅವಳ ಮಾತು ಸರಿಯಾಗಿತ್ತು. ಮನಸ್ಸು ಹಗುರವೇನೂ ಆಗಲಿಲ್ಲ, ಅದು ಬೇರೆ ವಿಷಯ. ಅವಳು ಸಾರು ಮುಟ್ಟದೆ ಎದ್ದು, ಚೀಲ ಹೊತ್ತು ಪೂರ್ವದ ದಾರಿ ಹಿಡಿದಳು. ಜೊತೆಗೆ ಬರುತ್ತೇನೆಂದು ಕುಜ್ಮಾನ್ ಎದ್ದಾಗ, "ಬೇಡ, ಅಲ್ಲೇ ಇರಿ," ಎಂದು ತಿರುಗಿ ನೋಡದೆಯೇ ಹೇಳಿದಳು.

ಆ ಬೇಸಿಗೆ ಮುಗಿಯುವ ಮುನ್ನ ಅವರು ಗುತ್ತಿಗೆ ಬಿಟ್ಟು, ಕುದುರೆ ಮಾರಿ ಗಬ್ರೊವೊಗೆ ಇಳಿದರು. ಕುಜ್ಮಾನ್ ಈಗ ಒಂದು ಶಾಲೆಯ ನೆಲಮಾಳಿಗೆಯಲ್ಲಿ ಕೋಣೆಗಳನ್ನು ಬೆಚ್ಚಗಿಡುವ ಬಾಯ್ಲರ್ ನೋಡಿಕೊಳ್ಳುತ್ತಾನೆ. ಲಾಲ್ಯೊ ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತಾನೆ, ಮನೆಗೆ ಬರುವುದಿಲ್ಲ. ಯಾಕೆ ಬೆಟ್ಟ ಬಿಟ್ಟಿರಿ ಎಂದು ಯಾರಾದರೂ ಕೇಳಿದರೆ ರಾಯ್ನಾ, "ಇವರ ಮೊಣಕಾಲು ಕೈಕೊಡ್ತು," ಎನ್ನುತ್ತಾಳೆ. ಅವನು ಅಲ್ಲಗಳೆಯುವುದಿಲ್ಲ. ಕೆಲವು ನೆರೆಯವರು ನೋವಿಗೆ ಎಣ್ಣೆ ಕೂಡ ತಂದುಕೊಟ್ಟಿದ್ದಾರೆ. ಅವರ ಕಣ್ಣೆದುರು ಅದನ್ನು ಹಚ್ಚಿಕೊಂಡು, ಈಗ ಪರವಾಗಿಲ್ಲ ಎನ್ನುತ್ತಾನೆ.